ಯುದ್ಧ ಮುಗಿಯುವ ತನಕ ಚಪ್ಪಲಿ ಇಲ್ಲ

ಜುಲೈ ಹತ್ತೊಂಬತ್ತು, ಬೆಳಿಗ್ಗೆ ಆರೂ ನಲವತ್ತು. ಇದನ್ನು ಬರೆಯಲು ಕೂತ ಹೊತ್ತು. ಘೋಷಣೆಯಾದ ಯುದ್ಧಕ್ಕೆ ಹೀಗೆ ತಾರೀಖು, ಗಂಟೆ ಎರಡೂ ಇರುತ್ತವೆ ಎಂದು ಸೈನ್ಯಕ್ಕೆ ಸೇರಿದ ಹೊಸದರಲ್ಲಿ ನಮಗೆ ಪಾಠ ಹೇಳಿದ್ದರು. ನಾನು ಹದಿನೇಳು ವರ್ಷ ದುಡಿದದ್ದಕ್ಕೆ ಅವೆರಡೂ ಇರಲಿಲ್ಲ. ಈ ಬರವಣಿಗೆಗಾದರೂ ಇರಲಿ.

ನನ್ನ ಹೆಸರು ಯಮನೂರಪ್ಪ. ಊರು ನವಲಿ ಕಡೆ. ವಯಸ್ಸು ಮೂವತ್ತಾರು, ನಿವೃತ್ತ. ಬ್ಯಾಂಕಿನಲ್ಲಿ ಪಿಂಚಣಿ ಸಾಲಿನಲ್ಲಿ ನಿಂತಾಗ ಹಿಂದಿದ್ದ ಹಿರಿಯರೊಬ್ಬರು, ಅಪ್ಪನ ಬದಲಿಗೆ ಮಗ ಬಂದರೆ ನಡೆಯುವುದಿಲ್ಲ, ಅವರನ್ನೇ ಕರಕೊಂಡು ಬಾ ಎಂದು ಎರಡು ಸಲ ತಿಳಿಹೇಳಿದ್ದಾರೆ. ನನ್ನಪ್ಪ ನಾನು ಮೂರನೇ ಇಯತ್ತೆಯಲ್ಲಿದ್ದಾಗಲೇ ತೀರಿಕೊಂಡವನು.

ನಮ್ಮೂರ ಕಾಲುವೆ ದಂಡೆಯ ಮೇಲೆ ಸೈನ್ಯದ ಭರ್ತಿಗೆ ತಯಾರಾಗುವ ಹುಡುಗರು ದಿನಾ ಬೆಳಿಗ್ಗೆ ಓಡುತ್ತಾರೆ. ಓಡಿ ಬಂದು, ಬೂಟು ಬಿಚ್ಚಿ ಕೂತು ನನ್ನನ್ನು ಕೇಳುವುದು ಒಂದೇ ಮಾತು: "ಅಣ್ಣಾ, ನೀವು ಯುದ್ಧ ಮಾಡೀರೇನ್ರಿ?" ಮಾಡಿದ್ದೇನೆ ಎಂದರೆ ಯಾವುದು ಎನ್ನುತ್ತಾರೆ. ಇಲ್ಲ ಎಂದರೆ, ಹಂಗಾರ ಹದಿನೇಳು ವರ್ಷ ಏನ್ ಮಾಡಿದ್ರಿ ಎನ್ನುತ್ತಾರೆ. ಈ ಎರಡು ಪ್ರಶ್ನೆಗಳ ನಡುವೆ ಸಿಕ್ಕಿ ನಮ್ಮವ್ವ ಒಂದು ಪಾದ ಕಳಕೊಳ್ಳುವ ಹಂತಕ್ಕೆ ಬಂದಳು. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿಗಳ ವಿಷಯ ಬಿಡುತ್ತೇನೆ. ಎರಡು ಸಿಕ್ಕವು, ಪಟ್ಟಿ ಹೊಲಿದ ಟೇಲರನಿಗೆ ನೆನಪಿದ್ದರೂ ಇರಬಹುದು.

ಸೈನ್ಯಕ್ಕೆ ಹೋಗುವವರು ಮೊದಲು ಕಲಿಯಬೇಕಾದ ಶಬ್ದಗಳು ಎರಡೇ: ಪೀಸ್ ಮತ್ತು ಫೀಲ್ಡ್. ನಿಮ್ಮನ್ನು ಎಲ್ಲಿಗೇ ಹಾಕಲಿ, ಆ ಜಾಗ ಇವೆರಡರಲ್ಲಿ ಒಂದು. ಪೀಸ್ ಎಂದರೆ ಶಾಂತಿ ಇರುವ ಊರು: ಕ್ವಾರ್ಟರ್ಸು, ಪರೇಡು, ಸುಣ್ಣ ಬಳಿದ ಕಲ್ಲು. ಫೀಲ್ಡ್ ಎಂದರೆ ಗಡಿ: ಬಂಕರು, ಮರಳಿನ ಚೀಲ, ಗುಂಡು. ಮೂರನೆಯದೊಂದು ಶಬ್ದ ಇರಬೇಕಲ್ಲ ಎಂದು ನಾನು ಮೊದಲ ಪಾಠದಲ್ಲೇ ಎದ್ದು ಕೇಳಿದೆ. ಪಾಠ ಹೇಳುತ್ತಿದ್ದವರು ನಮ್ಮ ಸುಬೇದಾರ್ ಸಾಹೇಬರು. ಗುಡ್ಡಗಾಡಿನವರು, ಕುಳ್ಳಗೆ ಗಟ್ಟಿ ಆಳು, ಮೀಸೆಗೆ ಸಾಸಿವೆ ಎಣ್ಣೆ ಹಚ್ಚುವವರು. ನಮಗಿರುವುದು ಛದ್ಮ ಯುದ್ಧ, ಎದುರಿನವರು ತಾವು ಬರುವುದಿಲ್ಲ, ಬೇರೆಯವರ ಕೈಗೆ ಬಂದೂಕು ಕೊಟ್ಟು ಕಳಿಸುತ್ತಾರೆ, ಕೇಳಿದರೆ ಅವರು ಯಾರೋ ನಮಗೆ ಗೊತ್ತೇ ಇಲ್ಲ ಎನ್ನುತ್ತಾರೆ ಎಂದು ಅವರು ವಿವರಿಸಿದರು. ಹಾಗಾದರೆ ಇದು ಯುದ್ಧವೋ ಅಲ್ಲವೋ ಸಾಹೇಬ್ ಎಂದೆ. ಸಾಹೇಬರು ಮೀಸೆ ಸವರಿ ಹೇಳಿದರು: "ರಜಾ ಕೇಳಿದರೆ ಯುದ್ಧ ನಡೆದಿದೆ. ಸವಲತ್ತು ಕೇಳಿದರೆ ಶಾಂತಿ ಇದೆ. ಕೂತುಕೋ."

ಹದಿನೇಳು ವರ್ಷದಲ್ಲಿ ಇದಕ್ಕಿಂತ ಸರಿಯಾದ ವ್ಯಾಖ್ಯೆಯನ್ನು ನಾನು ಕೇಳಿಲ್ಲ.

ಮೂರನೇ ವರ್ಷ ನನ್ನನ್ನು ಫೀಲ್ಡಿಗೆ ಹಾಕಿದರು. ಜಾಗದ ಹೆಸರು ಬರೆಯುವುದಿಲ್ಲ. ಬರೆಯಬಾರದು ಎಂದು ಕಲಿಸಿದ್ದಾರೆ. ಅಲ್ಲಿ ನನ್ನ ಜೊತೆ ಕುಷ್ಟಗಿ ತಾಲೂಕಿನ ಶರಣಪ್ಪ ಇದ್ದ. ಇಡೀ ಕಂಪನಿಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಹಾಗಾಗಿ ಜಗಳವಾಡಿದರೂ ಮತ್ತೆ ಮಾತಾಡಲು ಬೇರೆ ಯಾರೂ ಸಿಗದೆ ಸಂಜೆಯೊಳಗೆ ರಾಜಿಯಾಗುತ್ತಿದ್ದೆವು. ನಾನು ದಿನಚರಿ ಬರೆಯುವುದನ್ನು ನೋಡಿ ಅವನು, "ಶಾನಭೋಗ ಬಂದಾನ, ಲೆಕ್ಕ ಹೇಳ್ರಪಾ" ಎಂದು ಕಾಡುತ್ತಿದ್ದ.

ಊರಿಗೆ ಫೋನು ಮಾಡಿ, ಅವ್ವಾ ನಾನು ಫೀಲ್ಡಿನಾಗ ಅದೀನಿ ಎಂದೆ. ಆರಾಮ ಅದೀಯಲ್ಲ ಎಂದಳು, ಅಷ್ಟಕ್ಕೆ ಬಿಟ್ಟಳು. ಅವಳಿಗೆ ಒಂದಿಷ್ಟೂ ಗಾಬರಿ ಆಗದ್ದು ನನಗೆ ಸೋಜಿಗ. ರಜೆಯಲ್ಲಿ ಊರಿಗೆ ಹೋದಾಗ ಗೊತ್ತಾಯಿತು: ಫೀಲ್ಡ್ ಎಂದರೆ ಹೊಲ ಎಂದು ಯಾರೋ ಅವಳಿಗೆ ಅರ್ಥ ಹೇಳಿದ್ದರು. ಶಬ್ದಾರ್ಥದಲ್ಲಿ ತಪ್ಪೇನಿಲ್ಲ. ಭತ್ತದ ನಾಟಿಗೆ ಕೂಲಿ ಹೋಗಿ ನನ್ನನ್ನು ಸಾಕಿದವಳು ಅವಳು. ಸೈನ್ಯಕ್ಕೆ ಹೋದರೂ ಮಗನಿಗೆ ಹೊಲದ ಕೆಲಸವೇ ತಪ್ಪಲಿಲ್ಲವಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ನಿಟ್ಟುಸಿರು ಬಿಟ್ಟಿದ್ದಳು. ಏನ್ ಬೆಳಿತೀರಿ ಅಲ್ಲಿ ಎಂದು ಕೇಳಿದಳು. ನಾನು ಮೂಲಂಗಿ ಎಂದೆ, ಯಾಕೆಂದರೆ ಅದು ನಿಜ. ಸುಬೇದಾರ್ ಸಾಹೇಬರಿಗೆ ತರಕಾರಿ ಮೇಲೆ ವಿಪರೀತ ಪ್ರೀತಿ. ಬಂಕರಿನ ಹಿಂದೆ ಮರಳಿನ ಚೀಲಗಳ ನೆರಳಲ್ಲಿ ನಮ್ಮಿಂದ ಮೂಲಂಗಿ ಹಾಕಿಸಿದ್ದರು. ಶರಣಪ್ಪ ಮೂಲಂಗಿ ಹಿಡಿದುಕೊಂಡಿದ್ದ ಫೋಟೋ ನನ್ನ ಹತ್ತಿರ ಇತ್ತು. ಅವ್ವ ಅದನ್ನು ಹತ್ತಿರ ಹಿಡಿದು ನೋಡಿ, ನೀರು ಸಾಲದು, ಎಲಿ ಹಳದಿ ಆಗ್ಯಾವ ಎಂದಳು. ಆ ಮಾತನ್ನು ನಾನು ವಾಪಸು ಹೋಗಿ ಸಾಹೇಬರಿಗೆ ತಲುಪಿಸಿದೆ. ಅವರು ಗಂಭೀರವಾಗಿ ತಲೆಯಾಡಿಸಿ ಮರುದಿನದಿಂದ ಎರಡು ಡಬ್ಬಿ ನೀರು ಜಾಸ್ತಿ ಮಾಡಿದರು.

ಬರೆಯುವ ಕೈ ಇದೆ ಎಂದು ದಿನದ ವರದಿಯ ಕೆಲಸ ನನಗೇ ಬಂತು. ಒಂದು ಬೆಳಿಗ್ಗೆ ಎದುರಿನ ದಿಬ್ಬದಿಂದ ಗುಂಡು ಬಂದವು. ನೀರಿನ ಡಬ್ಬಿಗೆ ಎರಡು, ಮೂಲಂಗಿ ಮಡಿಗೆ ಒಂದು, ಉಳಿದವು ಬಂಡೆಗೆ. ಕಳಿಸಿದವರು ಯಾರು ಎಂದು ಬರೆಯಬೇಕಿತ್ತು. ಎದುರಿನವರು ಅಲ್ಲಿ ತಮ್ಮವರು ಯಾರೂ ಇಲ್ಲ ಎಂದು ಹಿಂದಿನ ವಾರವಷ್ಟೇ ಹೇಳಿಕೆ ಕೊಟ್ಟಿದ್ದರು. ಆದ್ದರಿಂದ ನಾನು, ಬಂದ ಗುಂಡು ಒಂಬತ್ತು, ಹೊಡೆದವರು ಸೊನ್ನೆ ಎಂದು ಬರೆದು ಕೊಟ್ಟೆ. ಕ್ಯಾಪ್ಟನ್ ಸಾಹೇಬರು ಕರೆಸಿದರು. ಹೊಸಬರು, ನನಗಿಂತ ಎರಡೇ ವರ್ಷ ದೊಡ್ಡವರು. ಗುಂಡು ತಾನಾಗಿ ಬರುತ್ತದೇನಯ್ಯಾ ಎಂದರು. ಇಲ್ಲ ಸಾಹೇಬ್, ಆದರೆ ಯಾರೂ ಇಲ್ಲ ಎಂದು ಅವರೇ ಹೇಳಿದ್ದಾರಲ್ಲ ಎಂದೆ. ಅವರು ಸೊನ್ನೆಯನ್ನು ಹೊಡೆದುಹಾಕಿ 'ಅಪರಿಚಿತರು' ಎಂದು ಬರೆದರು. ಎಷ್ಟು ಜನ ಅಪರಿಚಿತರು ಎಂದು ನಾನು ಕೇಳಿದ್ದು ತಪ್ಪಾಯಿತು. ಆ ವಾರ ಪೂರ್ತಿ ಮೂಲಂಗಿಗೆ ನೀರು ಹೊರುವ ಕೆಲಸ ನನ್ನದೇ.

ಅದೇ ಎದುರಿನವರಿಗೆ ಹಬ್ಬದ ದಿನ ಮಿಠಾಯಿ ಕೊಡುವ ಪದ್ಧತಿಯೂ ಇತ್ತು. ತಂತಿಬೇಲಿಯ ಗೇಟಿನ ಹತ್ತಿರ ಎರಡೂ ಕಡೆಯವರು ಸೆಲ್ಯೂಟ್ ಹೊಡೆದು ಡಬ್ಬಿ ಬದಲಾಯಿಸುವುದು. ಒಂದು ಸಲ ಡಬ್ಬಿ ಹೊರುವ ಪಾಳಿ ನನಗೆ ಬಂದಿತ್ತು. ಎದುರಿನಿಂದ ಬಂದವನೂ ನನ್ನ ವಯಸ್ಸಿನವನೇ. ಭಾಷೆ ಹೆಚ್ಚುಕಡಿಮೆ ತಿಳಿಯುತ್ತಿತ್ತು. ಇಲ್ಲಿ ನಡೆದಿರುವುದಕ್ಕೆ ನಿಮ್ಮ ಕಡೆ ಏನೆನ್ನುತ್ತಾರೆ ಎಂದು ಮೆಲ್ಲಗೆ ಕೇಳಿದೆ. ನಮ್ಮ ಕಡೆ ಏನೂ ನಡೆದೇ ಇಲ್ಲವಲ್ಲ ಎಂದ, ಡಬ್ಬಿ ಇಸಗೊಂಡ, ತುಪ್ಪದ್ದೋ ಡಾಲ್ಡಾದ್ದೋ ಎಂದು ವಾಸನೆ ನೋಡಿದ.

ನಾನಿದ್ದ ಕಾಲದಲ್ಲೇ ಬದಲಾದದ್ದು ಬಹಳ. ಮೊದಲು ವಾರಕ್ಕೊಮ್ಮೆ ಫೋನಿನ ಸರದಿ, ಆಮೇಲೆ ಎಲ್ಲರ ಜೇಬಿನಲ್ಲೂ ಫೋನು. ಅದಕ್ಕಿಂತ ದೊಡ್ಡ ಬದಲಾವಣೆ ಟೀವಿಯದು. ಟೀವಿಯವರು ಘೋಷಿಸಿದಷ್ಟು ಯುದ್ಧಗಳನ್ನು ಯಾವ ಸರ್ಕಾರವೂ ಘೋಷಿಸಿರಲಾರದು. ಒಂದು ಸಂಜೆ ಅಡುಗೆಯವರ ಜೊತೆ ಈರುಳ್ಳಿ ಹೆಚ್ಚುತ್ತ ಕೂತಿದ್ದೆವು, ಟೀವಿಯಲ್ಲಿ ನಮ್ಮದೇ ಗುಡ್ಡ ತೋರಿಸಿ ಯುದ್ಧ ಶುರು ಎಂದರು. ಶರಣಪ್ಪ ಚಾಕು ಹಿಡಿದುಕೊಂಡೇ ಹೊರಗೆ ಹೋಗಿ ಗುಡ್ಡವನ್ನು ನೋಡಿ ಬಂದ. "ಇನ್ನೂ ಬಂದಿಲ್ಲಪಾ, ಹೆಚ್ಚು ಹೆಚ್ಚು" ಎಂದ.

ಎಂಟನೇ ವರ್ಷ ನನ್ನನ್ನು ಪೀಸಿಗೆ ಹಾಕಿದರು. ಶರಣಪ್ಪನ ಅವಧಿ ಇನ್ನೂ ನಾಲ್ಕು ತಿಂಗಳಿತ್ತು. ಅವನು ಅಲ್ಲೇ ಉಳಿದ. ಎರಡನೇ ತಿಂಗಳಲ್ಲಿ ತೀರಿಕೊಂಡ. ಹೇಗೆಂದು ಬರೆಯುವುದಿಲ್ಲ.

ಅವನ ದೇಹ ಕುಷ್ಟಗಿ ಕಡೆಯ ಅವನ ಊರಿಗೆ ಬಂದ ದಿನ ನಮ್ಮವ್ವ ನಮ್ಮೂರವರ ಜೊತೆ ಟೆಂಪೋದಲ್ಲಿ ಹೋದಳು. ಮೂಲಂಗಿ ಹುಡುಗ ಎಂದೇ ಅವನು ಅವಳಿಗೆ ಗೊತ್ತು. ಹೊಲದಲ್ಲಿ ಹಾವು ಕಚ್ಚಿರಬೇಕು ಎಂದುಕೊಂಡು ಹೋಗಿದ್ದಳಂತೆ. ಅಲ್ಲಿ ಮೂರು ಸಲ ಬಂದೂಕು ಹಾರಿಸಿದರು. ಮೈಕಿನಲ್ಲಿ ಯುದ್ಧ, ಯುದ್ಧ ಎಂದರು. ಫೀಲ್ಡ್ ಅಂದ್ರ ಹೊಲ ಅಲ್ಲ ಎಂದು ಅವಳಿಗೆ ತಿಳಿದದ್ದು ಆವತ್ತು. ಊರಿಗೆ ಬಂದವಳೇ ಮನೆಗೂ ಹೋಗದೆ ದುರಗವ್ವನ ಗುಡಿಗೆ ಹೋದಳು. ಹೊರಗೆ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಲಿಲ್ಲ. ಪೂಜಾರಿ ಭರಮಪ್ಪ ಕಾಕಾನ ಎದುರಿಗೆ ಅವಳು ಹೊತ್ತ ಹರಕೆ ಹೀಗಿತ್ತು: "ಯುದ್ಧ ಮುಗುದು ನನ್ ಮಗ ತಿರಿಗಿ ಬರೂಮಟ ಕಾಲಿಗೆ ಕಾಲ್ಮರಿ ಹಾಕಂಗಿಲ್ಲ ತಾಯಿ."

ಮರುದಿನ ಫೋನಿನಲ್ಲಿ ನಾನು, ಅವ್ವಾ ನಾನೀಗ ಪೀಸಿನಾಗ ಅದೀನಿ, ಪೀಸ್ ಅಂದ್ರ ಶಾಂತಿ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. "ಹೊಲ ಹೊಲ ಅಂತ ಗುಂಡಿನ ಬಾಯಾಗ ಇದ್ರಿ. ಈಗ ಪೀಸ್ ಅಂತಿ. ಪೀಸ್ ಅಂದ್ರ ತುಂಡು ಅಂತ ನನಗೂ ಗೊತ್ತೈತಿ" ಎಂದಳು. ನಾನು ಬಂಕರಿನಲ್ಲಿದ್ದ ಐದು ವರ್ಷ ಅವಳು ನಿಶ್ಚಿಂತೆಯಿಂದ ಚಪ್ಪಲಿ ಮೆಟ್ಟಿ ಓಡಾಡಿದಳು. ನಾನು ಕಲ್ಲಿಗೆ ಸುಣ್ಣ ಬಳಿಯುತ್ತ ಕೂತಾಗ ಬರಿಗಾಲಿಗೆ ಬಂದಳು.

ನಾನು ನಿವೃತ್ತನಾಗಿ ಬಂದಾಗ ಊರವರು ಟ್ರ್ಯಾಕ್ಟರಿನ ಮೇಲೆ ನಿಲ್ಲಿಸಿ ಮೆರವಣಿಗೆ ಮಾಡಿದರು. ಬ್ಯಾನರಿನಲ್ಲಿ 'ವೀರ ಯೋಧ' ಎಂದು ಬರೆಸಿದ್ದರು, ಫೋಟೋ ನನ್ನದೇ ಹಾಕಿದ್ದರು, ಹಿಂದೆ ನಾನು ಎಂದೂ ಹತ್ತದ ಒಂದು ವಿಮಾನವಿತ್ತು. ಅವ್ವ ಆರತಿ ಎತ್ತಿದಳು. ಇನ್ನು ಚಪ್ಪಲಿ ಹಾಕಿಕೋ ಎಂದೆ. ಹಾಕಲಿಲ್ಲ. ಹರಕೆಯಲ್ಲಿ ಎರಡು ಮಾತಿವೆ, ಮಗ ಬಂದದ್ದು ಒಂದು ಆಯಿತು, ಯುದ್ಧ ಮುಗಿದದ್ದು ಎಲ್ಲಿ ಎಂದಳು. ಆವತ್ತು ಸಂಜೆಯ ಟೀವಿಯಲ್ಲಿ ಬೇರೆ ಮತ್ತೆ ಶುರುವಾಗಿತ್ತು.

ಈ ವರ್ಷ ಜೂನ್ ಒಂಬತ್ತರಂದು ನನ್ನ ಹೆಂಡತಿ ರೇಣುಕಾ ಅತ್ತೆಯ ಹಿಮ್ಮಡಿಯಲ್ಲಿ ಕೀವು ನೋಡಿದಳು. ಗಂಗಾವತಿಗೆ ಕರಕೊಂಡು ಹೋದೆವು. ಡಾಕ್ಟರು ಅರ್ಧ ಬೆರಳಿನಷ್ಟು ಜಾಲಿ ಮುಳ್ಳನ್ನು ಒಳಗಿನಿಂದ ತೆಗೆದು ಬಟ್ಟಲಿಗೆ ಹಾಕಿದರು. ಎಷ್ಟು ದಿನ ಆಯಿತು ಚುಚ್ಚಿ ಎಂದು ಕೇಳಿದರು. ಚುಚ್ಚಿದ್ದೇ ಅವ್ವನಿಗೆ ಗೊತ್ತಿರಲಿಲ್ಲ. ನೋವೇ ಇಲ್ಲ, ದೇವಿ ನನ್ನ ನೋವು ತಗೊಂಡಾಳ ಎಂದು ಹೆಮ್ಮೆಯಿಂದ ಹೇಳಿದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿದೆ, ಈ ಗಾಯ ವಾಸಿಯಾಗುತ್ತದೆ, ಆದರೆ ಇನ್ನೊಂದು ಇಂಥದ್ದಾದರೆ ಪಾದ ತೆಗೆಯಬೇಕಾದೀತು ಎಂದರು. ಮೆತ್ತನೆಯ ಚಪ್ಪಲಿ ಬರೆದುಕೊಟ್ಟರು. ಮನೆಯೊಳಗೂ ಹಾಕಬೇಕು ಎಂದರು. ಕೊಂಡೆವು. ಅವ್ವ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ ಸ್ಟ್ಯಾಂಡಿನ ತನಕ ಬರಿಗಾಲಲ್ಲಿ ನಡೆದಳು.

ಮನೆಗೆ ಬಂದು ನಾನು ಸುಲಭದ ದಾರಿ ಹಿಡಿದೆ. ಅವ್ವಾ, ಅದು ಯುದ್ಧವೇ ಅಲ್ಲ, ಯಾರೂ ಘೋಷಣೆ ಮಾಡಿಲ್ಲ, ಹೊಡೆದವರು ಯಾರೆಂದೂ ಗೊತ್ತಿಲ್ಲ, ಹಾಗಾಗಿ ನಿನ್ನ ಹರಕೆ ಹತ್ತುವುದೇ ಇಲ್ಲ ಎಂದೆ. ಅವ್ವ ಕಿಟಕಿ ಮೇಲಿದ್ದ ಬ್ಯಾನರಿನ ಕಡೆ ಕೈ ಮಾಡಿದಳು. ಮಳೆ ನೀರು ಇಳಿಯಬಾರದೆಂದು ನಾವೇ ಅದನ್ನು ಕಿಟಕಿಗೆ ಕಟ್ಟಿದ್ದೆವು.

"ಅಲ್ಲೇನ್ ಬರದಾರ?"

"ಯೋಧ."

"ಯುದ್ಧ ಮಾಡದಾಂವ ಯೋಧ ಹೆಂಗ ಆದ? ಊರ ಮಂದಿ ಹುಚ್ಚರೇನು?"

ಮಂದಿ ಸುಮ್ಮನೆ ಪ್ರೀತಿಗೆ ಬರೆಸುತ್ತಾರೆ ಎಂದೆ. ಆಗ ಅವಳು ದನಿ ತಗ್ಗಿಸಿ ಕೇಳಿದಳು: "ಹಂಗಾರ ಆ ಕುಷ್ಟಗಿ ಹುಡುಗ ಸತ್ತಿದ್ದು ಯಾತರಾಗೋ ಯಪ್ಪಾ?"

ಅದು ಯುದ್ಧವಲ್ಲ ಎಂದರೆ ಅವ್ವನ ಪಾದ ಉಳಿಯುತ್ತದೆ. ಆದರೆ ಹಾಗೆ ಅಂದ ಬಾಯಲ್ಲಿ ಶರಣಪ್ಪನ ಹೆಸರು ಹೇಳುವುದು ಹೇಗೆ?

ಸುಬೇದಾರ್ ಸಾಹೇಬರಿಗೆ ಫೋನು ಹಚ್ಚಿದೆ. ಅವರೂ ನಿವೃತ್ತರಾಗಿ ತಮ್ಮ ಗುಡ್ಡದಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದಾರೆ. ಸಾಹೇಬ್, ನಮ್ಮ ಯುದ್ಧ ಮುಗಿಯಿತೇ ಎಂದು ಕೇಳಿದೆ. ಶುರುವಾದ ತಾರೀಖು ಕೊಡು, ಮುಗಿದ ತಾರೀಖು ಹೇಳುತ್ತೇನೆ ಎಂದರು. ಅವ್ವನ ಕಾಲಿನ ವಿಷಯ ಹೇಳಿದೆ. ಮುಗಿಯಿತು ಎಂದು ನಾನು ಆರ್ಡರ್ ಕೊಟ್ಟರೆ ತಾಯಿ ಕೇಳುತ್ತಾರೆಯೇ ಎಂದರು. ಸ್ಪೀಕರಿಗೆ ಹಾಕಿದೆ. ಸಾಹೇಬರು ಪರೇಡಿನ ದನಿಯಲ್ಲಿ, ಮಾತಾಜೀ, ಯುದ್ಧ ಖತಂ ಎಂದು ಕೂಗಿದರು. ಅವ್ವ ಕೇಳಿಸಿಕೊಂಡು ನನ್ನನ್ನು ಕೇಳಿದಳು: "ಇವರು ಹೇಳೂದು ಆ ಕಡಿಯವರಿಗೆ ಕೇಳಸ್ತೇನು?"

ಮರುವಾರ ಶರಣಪ್ಪನ ಊರಿಗೆ ಹೋದೆ. ಅವನ ತಾಯಿ ಶಾಂತವ್ವ ಶಾಲೆಯ ಅಡುಗೆ ಕೆಲಸ ಮುಗಿಸಿ ಬರುವ ತನಕ ಊರ ಮುಂದಿನ ಅವನ ಬೋರ್ಡಿನ ಹತ್ತಿರ ನಿಂತೆ. 'ಯುದ್ಧದಲ್ಲಿ ವೀರಮರಣ' ಎಂದಿತ್ತು. ಸೈನ್ಯದವರು ಕೊಟ್ಟ ಕಾಗದದಲ್ಲಿ 'ಕಾರ್ಯಾಚರಣೆಯಲ್ಲಿ' ಎಂದಿತ್ತಂತೆ. ಪೇಂಟರ್ ಅರ್ಧ ಬರೆದಾಗ ಬೋರ್ಡು ಮುಗಿದುಹೋಯಿತು. ಅಳಿಸಿ, ಸಣ್ಣ ಶಬ್ದ ಯಾವುದು ಹೇಳ್ರಿ ಎಂದು ಕೇಳಿ ಹೀಗೆ ಬರೆದ. ದೊಡ್ಡ ದೊಡ್ಡವರು ತೀರ್ಮಾನಿಸಲಾಗದ್ದನ್ನು ಮೂರು ಅಡಿ ತಗಡು ತೀರ್ಮಾನಿಸಿತ್ತು.

ಶಾಂತವ್ವ ಬಂದಮೇಲೆ ಅವ್ವನ ಕಾಲು, ಹರಕೆ ಎಲ್ಲ ಹೇಳಿದೆ. ನಮ್ಮವ್ವನ ಸಮಾಧಾನಕ್ಕೆ ಅದು ಯುದ್ಧ ಅಲ್ಲ ಎಂದು ನಾನು ಹೇಳಲೇ ಎಂದು ಕೇಳಲು ಹೋಗಿದ್ದೆ. ಕೇಳುವ ಬದಲು ಅವಳು ಕೊಟ್ಟ ಚಹಾ ಕುಡಿದೆ. ಅವಳೇ ಅರ್ಥ ಮಾಡಿಕೊಂಡಳು.

"ಯುದ್ಧ ಅಂದ್ರ ಅಂವ ಬರತಾನೇನು, ಅಲ್ಲಂದ್ರ ಬರತಾನೇನು? ನಿಮ್ಮವ್ವನ ಕಾಲು ಉಳಸ್ಕೋ ಹೋಗು" ಎಂದಳು. ಆಮೇಲೆ ನಾನು ಎದ್ದು ಹೊರಡುವಾಗ ಹಿಂದಿನಿಂದ, "ಆದರ ಆ ಬೋರ್ಡಿನ ಮುಂದ ನಿಂತು ಹಂಗ ಅನಬ್ಯಾಡಪಾ" ಎಂದಳು.

ಅನ್ನಲಿಲ್ಲ. ಎಲ್ಲಿಯೂ ಅನ್ನುವುದಿಲ್ಲ ಎಂದು ಬಸ್ಸಿನಲ್ಲಿ ಕೂತು ನಿರ್ಧರಿಸಿದೆ. ನಿರ್ಧರಿಸಿದ ಮೇಲೆ, ಅವ್ವನ ಕಾಲು ಉಳಿಸಲು ಉಳಿದಿದ್ದ ದಾರಿ ಒಂದೇ, ಹರಕೆ ಕೇಳಿಸಿಕೊಂಡಿದ್ದ ಪೂಜಾರಿ.

ಭರಮಪ್ಪ ಕಾಕಾ ಗುಡಿಯ ಕಟ್ಟೆಯ ಮೇಲೆ ಅವ್ವನನ್ನೂ ನನ್ನನ್ನೂ ರೇಣುಕಾಳನ್ನೂ ಕೂಡಿಸಿಕೊಂಡರು. ಮೊದಲು ಛದ್ಮ ಎಂದರೇನು ಎಂದು ನನ್ನಿಂದ ಬಿಡಿಸಿ ಹೇಳಿಸಿಕೊಂಡರು. ಪದ್ಮ ಯಾರು ಎಂದು ನಡುವೆ ಒಮ್ಮೆ ಕೇಳಿದರು, ಅದನ್ನು ಸರಿಮಾಡಿದೆ. ಎದುರಿನವರು ತಾವು ಬರುವುದಿಲ್ಲ, ಬೇರೆಯವರನ್ನು ಕಳಿಸುತ್ತಾರೆ ಎಂದಾಗ ಅವರ ಮುಖ ಅರಳಿತು. "ಅಂದ್ರ ಬದ್ಲಿ ಆಳು ಅನ್ನು" ಎಂದರು.

ನಾಟಿಯ ಕಾಲದಲ್ಲಿ ನಮ್ಮ ಕಡೆ ಹೆಂಗಸರು ಗುಂಪು ಕಟ್ಟಿ ಗದ್ದೆ ಗುತ್ತಿಗೆ ಹಿಡಿಯುತ್ತಾರೆ. ಒಬ್ಬಳಿಗೆ ಜ್ವರ ಬಂದರೆ ಅವಳು ತನ್ನ ಬದಲಿಗೆ ತಂಗಿಯನ್ನೋ ಸೊಸೆಯನ್ನೋ ಕಳಿಸುತ್ತಾಳೆ. ಅವಳೇ ಬದ್ಲಿ ಆಳು. ಇದರ ಕಟ್ಟುಪಾಡು ನಮ್ಮವ್ವನಿಗೆ ಬಾಯಿಪಾಠ.

"ಹನಮವ್ವ, ಬದ್ಲಿ ಆಳು ಬಂದ್ರ ಆ ದಿನದ ಹಾಜರಿ ಯಾರ ಹೆಸರಿಗೆ?" ಎಂದು ಪೂಜಾರಿ ಅವ್ವನನ್ನು ಕೇಳಿದರು.

"ಕಳಿಸಿದಾಕಿ ಹೆಸರಿಗೆ."

"ಆಕಿ ಬಂದಿಲ್ಲಲ್ಲ."

"ಬರದಿದ್ರೇನಾತು? ಕಳಿಸ್ಯಾಳ ಹೌದಿಲ್ಲೋ. ನಾಟಿ ಆಗೈತಿ ಹೌದಿಲ್ಲೋ."

"ಹಂಗಾರ ಅದು ಯುದ್ಧನ" ಎಂದರು ಪೂಜಾರಿ. "ಕಳಿಸಿದವರ ಹೆಸರಿಗೆ ಹಾಜರಿ. ಕುಷ್ಟಗಿ ಹುಡುಗ ಯುದ್ಧದಾಗ ಸತ್ತಾನ. ನಿನ್ ಮಗನೂ ಯೋಧನ."

ಅವ್ವ ಗೆದ್ದವಳಂತೆ ನನ್ನ ಕಡೆ ನೋಡಿದಳು. ನಾ ಹೇಳಿದ್ದೂ ಅದ, ಅದಕ್ಕ ಕಾಲ್ಮರಿ ಹಾಕಂಗಿಲ್ಲ ಎಂದು ಎದ್ದೇಬಿಟ್ಟಳು. ಪೂಜಾರಿ ಕೂತುಕೋ ಎಂದು ಸನ್ನೆ ಮಾಡಿದರು.

"ಅವರು ಯುದ್ಧಕ್ಕ ಬದ್ಲಿ ಆಳು ಕಳಿಸಿದ್ರ ಯುದ್ಧ ಆಗತೈತಿ ಅಂದ್ರ, ನೀ ಹರಕಿಗೆ ಬದ್ಲಿ ಆಳು ಕಳಿಸಿದ್ರ ಹರಕಿ ಯಾಕ ಆಗೂದಿಲ್ಲವಾ? ದೇವಿ ಏನ್ ಗದ್ದಿ ಮಾಲಕನಕಿಂತ ಕಡಿಮಿ ತಿಳದಾಕಿ ಅದಾಳನು?"

ಎದ್ದಿದ್ದ ಅವ್ವ ಮತ್ತೆ ಕೂತಳು. ಮನೆಯ ಹಿರಿಯರು ಹೊತ್ತ ಹರಕೆಯನ್ನು ಕೈಲಾಗದಾಗ ಮಕ್ಕಳು ತೀರಿಸುವುದು ನಮ್ಮಲ್ಲಿ ಇದ್ದದ್ದೇ. ನಾನು ಅಲ್ಲೇ ಕಟ್ಟೆಯಿಂದ ಇಳಿದು, ಕೆಳಗೆ ಬಿಟ್ಟಿದ್ದ ಬೂಟನ್ನು ರೇಣುಕಾಳ ಕೈಗೆ ಕೊಟ್ಟೆ. ಯುದ್ಧ ಮುಗಿಯುವ ತನಕ ಅವ್ವನ ಪಾಳಿ ನನ್ನದು ಎಂದೆ. ನೆಲ ಕಾದಿತ್ತು. ಹದಿನೇಳು ವರ್ಷ ಬೂಟಿನೊಳಗೆ ಬೆಳ್ಳಗಾದ ಪಾದ, ಒಂದು ಕಡೆ ನಿಲ್ಲಲಾಗದೆ ಎತ್ತಿ ಇಳಿಸಿ ಮಾಡಿದೆ.

ಅದನ್ನು ನೋಡಿ ಅವ್ವ ಅತ್ತಳು. ನಾನು ಸೈನ್ಯಕ್ಕೆ ಹೋದಾಗಲೂ ಅತ್ತವಳಲ್ಲ.

"ನಿನ್ ಕಾಲಿಗೆ ಒಂದ್ ಮುಳ್ಳ ಚುಚ್ಚಬಾರದಂತ ನಾ ಬರಿಗಾಲಲೆ ತಿರಿಗಿದ್ದು. ಈಗ ನೀ ಬರಿಗಾಲಲೆ ನಿಂತ್ರ ನಾ ಇಷ್ಟ್ ವರ್ಷ ನಡದದ್ದು ಯಾರ ಸಲುವಾಗಿ?"

ಪೂಜಾರಿ ದುರಗವ್ವನ ಕಡೆ ನೋಡಿದರು, ಆಕೆಯೂ ಏನೂ ಹೇಳಲಿಲ್ಲ. ಉತ್ತರ ಕೊಟ್ಟವಳು ಬೂಟು ಹಿಡಿದುಕೊಂಡಿದ್ದ ರೇಣುಕಾ. "ಅತ್ತಿ, ನಿಮ್ ಕಾಲ ಹೋತಂದ್ರ ಇವರು ನಿಮ್ಮನ್ನ ಹೆಗಲ ಮ್ಯಾಲೆ ಹೊತ್ಕೊಂಡು ತಿರಗಬೇಕ್ರಿ. ಅದಕ್ಕಿಂತ ಬರಿಗಾಲಲೆ ತಿರಗೂದು ಹಗೂರ ಐತಿ."

ಕೊನೆಗೆ ಅವ್ವ ಒಪ್ಪಿದಳು, ಒಂದು ಷರತ್ತಿನ ಮೇಲೆ: ನನ್ನ ಕಾಲಿಗೆ ಮೊದಲ ಮುಳ್ಳು ಚುಚ್ಚಿದ ದಿನ ಹರಕೆ ವಾಪಸು ಅವಳಿಗೆ ಬರಬೇಕು. ಪೂಜಾರಿ ಅದನ್ನೂ ದೇವಿಗೆ ಅರಿಕೆ ಮಾಡಿದರು. ಅವ್ವ ಮೆತ್ತನೆಯ ಚಪ್ಪಲಿ ಮೆಟ್ಟಿ ಗುಡಿಯಿಂದ ಮನೆಗೆ ನಡೆದಳು. ರೂಢಿ ತಪ್ಪಿದ್ದರಿಂದ ಎರಡು ಸಲ ಚಪ್ಪಲಿ ಹಿಂದೆ ಉಳಿದು ಅವಳು ಮುಂದೆ ಹೋದಳು.

ನಾನು ಈಗ ಗಂಗಾವತಿಯಲ್ಲಿ ಅಕ್ಕಿಯ ಒಂದು ಗೋದಾಮಿನ ಕಾವಲು ಕೆಲಸದಲ್ಲಿದ್ದೇನೆ. ಖಾಕಿ ಡ್ರೆಸ್ಸು, ಟೋಪಿ, ಬೆಲ್ಟು, ಬರಿಗಾಲು. ಮ್ಯಾನೇಜರು ಯಲಬುರ್ಗಾದವರು, ಶಿಸ್ತಿನ ಮನುಷ್ಯ. ಮೊದಲ ದಿನವೇ ನನ್ನ ಪಾದ ನೋಡಿ ಬೂಟೆಲ್ಲಿ ಎಂದರು. ಯುದ್ಧ ಮುಗಿದಿಲ್ಲ ಸರ್ ಎಂದೆ. ಯಾವ ಯುದ್ಧ ಎಂದರು. ಅದೇ ಇನ್ನೂ ತೀರ್ಮಾನ ಆಗಿಲ್ಲ ಸರ್ ಎಂದೆ. ಅವರು ಕುರ್ಚಿ ತರಿಸಿ ಕೂತು ಪೂರ್ತಿ ಕೇಳಿದರು. ಕೇಳಿ, ಮಾಲಕರು ಬಂದಾಗ ಅಕ್ಕಿ ಮೂಟೆಯ ಹಿಂದೆ ನಿಲ್ಲಬೇಕು, ಮೊಣಕಾಲಿನ ಮೇಲೆ ಮಾತ್ರ ಕಾಣಬೇಕು ಎಂದು ತೀರ್ಪು ಕೊಟ್ಟರು. ಸಂಬಳ ಕೊಡದ್ದಕ್ಕೆ ನಾನು ಮುಷ್ಕರ ಹೂಡಿದ್ದೇನೆ ಎಂದು ಹಮಾಲರು ತಿಳಿದಿದ್ದಾರೆ. ಅವರಲ್ಲಿ ಇಬ್ಬರು ಬೆಂಬಲ ಸೂಚಿಸಿ ತಾವೂ ಚಪ್ಪಲಿ ಬಿಟ್ಟರು. ಬೇಡ ಎಂದು ತಿಳಿಹೇಳಲು ಒಂದು ವಾರ ಹಿಡಿಯಿತು.

ಭರ್ತಿಗೆ ಹೋಗುವ ಹುಡುಗರಿಗೆ ಹೇಳಬೇಕಾದದ್ದು ಇಷ್ಟು: ಓಡುವುದನ್ನು, ಗುರಿ ಹಿಡಿಯುವುದನ್ನು ಅಲ್ಲಿ ಕಲಿಸುತ್ತಾರೆ. ನಿಮ್ಮ ಕೆಲಸಕ್ಕೆ ಹೆಸರೇನು ಎಂದು ಕಲಿಸುವುದಿಲ್ಲ. ಅದನ್ನು ಮನೆಯವರಿಗೆ ನೀವೇ ಹೇಳಬೇಕು. ಕನ್ನಡದಲ್ಲಿ ಹೇಳಿ. ಪೀಸ್, ಫೀಲ್ಡ್ ಎನ್ನಬೇಡಿ.

ಇಲ್ಲಿಯ ತನಕ ನನಗೆ ಚುಚ್ಚಿದ ಮುಳ್ಳು ಏಳು. ಅವ್ವನಿಗೆ ಹೇಳಿದ್ದು ಸೊನ್ನೆ. ಗೋದಾಮಿನಲ್ಲೇ ತೆಗೆದುಕೊಂಡು, ಓಣಿ ತಿರುವಿನಿಂದ ಕುಂಟದೆ ನಡೆದು ಮನೆ ಸೇರುತ್ತೇನೆ. ಏಳನೆಯದು ಮೊನ್ನೆಯದು, ಮುರಿದು ಅರ್ಧ ಒಳಗೇ ಉಳಿಯಿತು. ಆದಷ್ಟು ನೆಟ್ಟಗೆ ನಡೆದು ಬಂದೆ. ಅವ್ವ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನ ಕಾಲು ನೋಡಲಿಲ್ಲ, ಏನೂ ಕೇಳಲಿಲ್ಲ. ಊಟ ಮಾಡಿ ಎದ್ದು ಬಂದಾಗ ನನ್ನ ದಿಂಬಿನ ಪಕ್ಕ ಅವಳ ಬಳೆಯಲ್ಲಿರುವ ಪಿನ್ನು, ಒಂದು ಚಿಟಿಕೆ ಅರಿಷಿಣ ಇದ್ದವು. ನಾನೂ ಏನೂ ಕೇಳಲಿಲ್ಲ. ಮುಳ್ಳು ತೆಗೆದುಕೊಂಡು ಪಿನ್ನನ್ನು ಅಲ್ಲೇ ಇಟ್ಟೆ. ಬೆಳಿಗ್ಗೆ ಅದು ಅವಳ ಬಳೆಯಲ್ಲಿತ್ತು, ಅವಳ ಕಾಲಲ್ಲಿ ಚಪ್ಪಲಿ ಇತ್ತು. ನಮ್ಮ ಮನೆಯಲ್ಲಿ ಏನೂ ನಡೆದಿಲ್ಲ.

ಘೋಷಣೆಯಾಗದ ಯುದ್ಧ ಮುಗಿದಾಗ ಅದನ್ನು ಯಾರು ಹೇಳುತ್ತಾರೆ, ಎಲ್ಲಿ ಹೇಳುತ್ತಾರೆ ಎಂಬುದು ತಿಳಿದವರು ದಯವಿಟ್ಟು ಈ ಬರಹ ಅಚ್ಚಾದ ವಿಳಾಸಕ್ಕೆ ಬರೆಯಿರಿ. ಸ್ವಲ್ಪ ಬೇಗ ಬರೆದರೆ ಒಳ್ಳೆಯದು. ಮಳೆ ನಿಂತ ಮೇಲೆ ಜಾಲಿ ಮುಳ್ಳು ಬಿರುಸಾಗುತ್ತದೆ.